ಮರೆತರೂ ಕಾಯುವ ಬಟ್ಟಲು

"ಅಲ್ಲೇ ನಿಲ್ಲು! ಹೊಸಲು ದಾಟಿದ್ರೆ ಕಾಲು ಮುರೀತೀನಿ!"

ಶ್ಯಾಮಲಳ ಕೂಗಿಗೆ ಬಾಗಿಲಲ್ಲಿದ್ದವನು ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ. ತಲೆಯಿಂದ ಪಾದದವರೆಗೆ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು. ಕಣ್ಣು ಮಾತ್ರ ಕಪ್ಪಗೆ ಕಾಣುತ್ತಿದ್ದವು.

"ದಾಟಲ್ಲ ಕಣಮ್ಮ. ಆದ್ರೆ ಆ ಹಿಂದಿನ ಅಟ್ಟಣೆ ನೋಡು. ಗೋಡೆ ಕಡೆ ಕಾಲು. ಬಟ್ಟಲು ಒಣಗೈತೆ."

"ನಂಗೆ ಹೇಳೋಕೆ ನೀನ್ಯಾರು?"

"ಹೊರಗೆ ನಿಮ್ಮ ಚಪ್ಪಡಿ ಕೆತ್ತೋನು. ಕೊಂಡಪ್ಪ. ಗೋಡೆ ಬುಡದಲ್ಲಿ ಇರುವೆ ಸಾಲು ಹೋಗ್ತಾ ಐತೆ. ಒಳಗೆ ಹೋಗೋವು ಬರಿಬಾಯಲ್ಲಿ ಹೋಗ್ತಾವೆ, ಹೊರಗೆ ಬರೋವು ಏನೋ ಕಚ್ಕೊಂಡು ಬರ್ತಾವೆ. ಅದಕ್ಕೇ ಬಂದೆ."

ಶ್ಯಾಮಲ ತಿರುಗಿ ನೋಡಿದಳು. ಗೋಡೆ ಪಕ್ಕದ ಮಣ್ಣಿನ ಬಟ್ಟಲಲ್ಲಿ ಹನಿ ನೀರಿಲ್ಲ. ಮರದ ಕಾಲಿನ ಮೇಲೆ ಇರುವೆ ಹತ್ತುತ್ತಿವೆ. ಕೆಳಗಿನ ತಟ್ಟೆಯಲ್ಲಿ ನಾಲ್ಕೈದು ರೇಷ್ಮೆ ಹುಳ ಆಗಲೇ ಸತ್ತಿದ್ದವು.

ಅವಳು ಚೊಂಬು ಹಿಡಿದು ಓಡಿದಳು. ನೀರು ಹೊಯ್ದು, ಇರುವೆ ಒರೆಸಿ, ಸತ್ತ ಹುಳ ಆರಿಸಿ ಎದ್ದು ನೋಡುವಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಹೊರಗೆ ಉಳಿಯ ಸದ್ದು ಮತ್ತೆ ಶುರುವಾಗಿತ್ತು.

'ಒಂದು ಥ್ಯಾಂಕ್ಸ್ ಹೇಳೋಕೂ ಬಿಡಲಿಲ್ಲ... ಅಲ್ಲ, ನಾನೇ ಕಾಲು ಮುರೀತೀನಿ ಅಂದೆನಲ್ಲ!'

ರೇಷ್ಮೆ ಸೀರೆ ಉಡುವವರಿಗೆ ಈ ಇರುವೆಯ ಕಥೆ ಗೊತ್ತಿರುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ ಬಿಡಿ. ಆದರೆ ಸಾದಲಿಯಲ್ಲಿ ಐವತ್ತಾರನೇ ಇಸವಿಯಲ್ಲಿ ಹುಳ ಸಾಕುವ ಹೆಂಗಸಿಗೆ ಗಂಡನಿಗಿಂತ, ಅತ್ತೆಗಿಂತ ಇರುವೆಯ ಭಯವೇ ದೊಡ್ಡದು. ಹುಳದ ತಟ್ಟೆಗಳನ್ನು ಜೋಡಿಸುವ ಮರದ ಅಟ್ಟಣೆಗೆ ನಾಲ್ಕು ಕಾಲು. ಒಂದೊಂದು ಕಾಲೂ ಒಂದೊಂದು ನೀರಿನ ಬಟ್ಟಲಲ್ಲಿ ನಿಲ್ಲಬೇಕು. ನೀರಿದ್ದರೆ ಇರುವೆ ದಾಟುವುದಿಲ್ಲ. ಮಣ್ಣಿನ ಬಟ್ಟಲು ನೀರು ಕುಡಿಯುತ್ತದೆ, ಬಿಸಿಲಿಗೆ ಆರುತ್ತದೆ, ಒಂದು ಸೊಪ್ಪಿನ ಚೂರು ಬಿದ್ದರೆ ಅದೇ ಇರುವೆಗೆ ಸೇತುವೆ. ನಾಲ್ಕು ಅಟ್ಟಣೆ, ಹದಿನಾರು ಬಟ್ಟಲು. ಹಗಲೆಲ್ಲ ಅವನ್ನೇ ನೋಡುತ್ತಿರಬೇಕು.

ಶ್ಯಾಮಲ ಹದಿನಾಲ್ಕನೇ ವಯಸ್ಸಿನಿಂದ ನೋಡುತ್ತಿದ್ದಳು. ಈಗ ಇಪ್ಪತ್ತಮೂರು.

ಅಪ್ಪ ಅಮ್ಮ ಹೋದ ಮೇಲೆ ಅಣ್ಣ ವೆಂಕಟರಾಮಪ್ಪನೇ ಮನೆಯ ಯಜಮಾನ. ಅತ್ತಿಗೆ ವರಲಕ್ಷ್ಮಮ್ಮ ನೆಂಟರಿಷ್ಟರ ಮುಂದೆ ನಾದಿನಿಯ ಕೈಗುಣವನ್ನು ಹಾಡಿ ಹೊಗಳುತ್ತಿದ್ದಳು. ವರ ನೋಡಲು ಬಂದವರನ್ನು ಮಾತ್ರ ಏನಾದರೂ ಕೊಂಕು ತೆಗೆದು ಸಾಗಹಾಕುತ್ತಿದ್ದಳು. ಒಬ್ಬನಿಗೆ ಬಣ್ಣ ಕಡಿಮೆ, ಇನ್ನೊಬ್ಬನ ಮನೆ ದೂರ, ಮತ್ತೊಬ್ಬನ ತಾಯಿ ಬಾಯಿ ಜೋರು. ವರ್ಷಕ್ಕೆ ಐದು ಬೆಳೆ ತೆಗೆಯುವ ಹುಡುಗಿಯನ್ನು ಯಾರು ತಾನೇ ಧಾರೆ ಎರೆದು ಕೊಡುತ್ತಾರೆ ಹೇಳಿ!

ಅವಳಿಗೆ ಒಂದು ಊಟ ಪೂರ್ತಿ ಕೂತು ಉಂಡ ನೆನಪಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅರ್ಧ ಕೇಳುತ್ತಿದ್ದಳು, ಅರ್ಧ ಗಮನ ಬಟ್ಟಲ ಕಡೆ. ಅವಳ ಕಣ್ಣು, ಅವಳ ಕಿವಿ, ಅವಳ ತಲೆಯೊಳಗಿನ ಯೋಚನೆ ಕೂಡ ಅವಳದಾಗಿರಲಿಲ್ಲ.

ಮಾರನೇ ದಿನ ಹುಳದ ಕೋಣೆಯ ಕಿಟಕಿಗೆ ಕಟ್ಟಿದ್ದ ಗೋಣಿಚೀಲ ಸ್ವಲ್ಪ ಸರಿದು ಕೊಂಡಪ್ಪನ ಮುಖ ಕಂಡಿತು.

"ಅಮ್ಮಯ್ಯ, ಒಂದು ಮಾತು."

"ಏನು?"

"ನಿನ್ನೆಯಿಂದ ಎಣಿಸ್ತಾ ಇದೀನಿ. ಬೆಳಿಗ್ಗೆಯಿಂದ ಈ ಹೊತ್ತಿಗೆ ಹನ್ನೊಂದು ಸಾರಿ ಎದ್ದು ಬಟ್ಟಲು ನೋಡಿದ್ದೀಯ."

ಶ್ಯಾಮಲಳ ಕೆನ್ನೆ ಬಿಸಿಯಾಯಿತು. "ನಿಂಗೆ ಕಲ್ಲು ಕೆತ್ತೋ ಕೆಲಸ ಇಲ್ವಾ?"

"ಐತೆ. ಅದಕ್ಕೇ ಕೇಳ್ತಾ ಇರೋದು. ಆ ಅಟ್ಟಣೆ ಕಾಲು ಎಷ್ಟು ದಪ್ಪ? ನಾನಂತೂ ಒಳಗೆ ಬರೋ ಹಾಗಿಲ್ಲ. ಒಂದು ದಾರದಲ್ಲಿ ಸುತ್ತಿ ಅಳತೆ ಕೊಡು."

ಹುಳದ ಮನೆಗೆ ಹೊರಗಿನವರು ಬಂದರೆ ಬೆಳೆ ಕೆಡುತ್ತದೆ ಎಂಬ ಕಟ್ಟಳೆ ಎಲ್ಲರಿಗೂ ಇತ್ತು. ಕಲ್ಲು ಒಡೆಯುವವರ ಕೇರಿಯ ಕೊಂಡಪ್ಪನಿಗಂತೂ ಆ ಮನೆಯ ಜಗಲಿಯೇ ಎತ್ತರ. ಅವನು ಅಂಗಳದಲ್ಲಿ ಕೂತು ಕೆತ್ತಬೇಕು, ಅವನ ತಾಯಿ ಓಬಳಮ್ಮ ತಂದ ಬುತ್ತಿಯನ್ನು ಹುಣಸೆ ಮರದ ಕೆಳಗೆ ಉಣ್ಣಬೇಕು. ಶ್ಯಾಮಲ ಇದನ್ನೆಲ್ಲ ಅಲ್ಲಿಯವರೆಗೆ ಯೋಚಿಸಿದವಳೇ ಅಲ್ಲ. ಯೋಚಿಸಲು ಪುರುಸೊತ್ತಾದರೂ ಎಲ್ಲಿತ್ತು?

ಇಪ್ಪತ್ತು ದಿನ ಕಳೆದು ಅವನು ಒಂದು ಕಲ್ಲಿನ ಬಟ್ಟಲು ತಂದು ಹೊಸಲಿನ ಆಚೆ ಇಟ್ಟ. ನೋಡಲು ಏನೇನೂ ಚೆಂದವಿರಲಿಲ್ಲ. ಹೂವಿಲ್ಲ, ಬಳ್ಳಿಯಿಲ್ಲ. ಆಳವಾದ ಕಲ್ಲು, ನಡುವೆ ಕಾಲು ನಿಲ್ಲಲು ಒಂದು ದಿಬ್ಬ, ಸುತ್ತ ಅಗಲವಾದ ಕಾಲುವೆ, ಬಾಯಿ ಒಳಕ್ಕೆ ಮಡಚಿಕೊಂಡಿದೆ.

"ಬಾಯಿ ಯಾಕೆ ಹೀಗೆ?"

"ಬಿಸಿಲು ನೀರನ್ನ ಎಳೀಬಾರ್ದು ಅಂತ. ಸೊಪ್ಪು ಬಿದ್ರೂ ಆಚೆ ದಡ ಮುಟ್ಟಲ್ಲ. ಒಂದು ಸಾರಿ ತುಂಬಿಸಿದ್ರೆ ಒಂದು ಬೆಳೆ ಮುಗಿಯೋವರೆಗೂ ಸಾಕು."

"ದಿನಕ್ಕೆ ಎಷ್ಟು ಸಾರಿ ನೋಡ್ಬೇಕು?"

"ನೋಡಲೇಬಾರ್ದು. ಇದನ್ನ ನೀನು ಮರೀಬೇಕು. ನೀನು ಮರೆತರೇನೇ ನಾನು ಸರಿಯಾಗಿ ಮಾಡಿದ್ದೀನಿ ಅಂತ. ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ."

"ಅಷ್ಟೇನಾ?"

"ಒಂದೇ ಒಂದು ನೇಮ. ಅಟ್ಟಣೆ ಬೇರೆ ಏನಕ್ಕೂ ತಾಗಬಾರ್ದು. ಗೋಡೆಗಾಗಲಿ, ತೊಲೆಗಾಗಲಿ. ಅಷ್ಟೇ."

ಅವಳು ಆ ಒರಟು ಕಲ್ಲನ್ನು ನೋಡಿದಳು, ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ತನ್ನ ದಣಿವನ್ನು ಎಣಿಸಿದವನು ಇವನೊಬ್ಬನೇ ಅನ್ನಿಸಿತು.

ಪುಕ್ಕಟೆ ಸಿಗುತ್ತದೆಂದು ವೆಂಕಟರಾಮಪ್ಪ ಒಪ್ಪಿದ. ಮಾದರಿ ಕೂತಿದ್ದರಿಂದ ಉಳಿದ ಹದಿನೈದು ಬೇಗ ಆದವು. ಹದಿನಾರು ಬಟ್ಟಲೂ ಅರಿಶಿನದ ನೀರಲ್ಲಿ ಮಿಂದು ಒಳಗೆ ಹೋದವು. ಮಾಡಿದವನು ಹೊರಗೇ ಉಳಿದ.

ಮೊದಲ ಬೆಳೆಯ ಅರ್ಧಕ್ಕೆ ಶ್ಯಾಮಲಳಿಗೆ ಮಧ್ಯಾಹ್ನಗಳು ಸಿಕ್ಕವು. ಏನು ಮಾಡುವುದೆಂದೇ ಗೊತ್ತಾಗದೆ ಮೊದಲ ದಿನ ಸುಮ್ಮನೆ ಜಗಲಿಯ ಮೇಲೆ ಕೂತಿದ್ದಳು. ಎರಡನೇ ದಿನ ಎರಡು ತುತ್ತು ಹೆಚ್ಚು ಉಂಡಳು. ಮೂರನೇ ದಿನ ನಕ್ಕಳು, ಯಾವುದಕ್ಕೆ ಎಂದು ಅವಳಿಗೇ ತಿಳಿಯಲಿಲ್ಲ. ಅತ್ತಿಗೆ ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿ ತುಟಿ ಕಚ್ಚಿಕೊಂಡಳು.

ಅಂಗಳದಲ್ಲಿ ಚಪ್ಪಡಿ ಕೆತ್ತುವ ಕೆಲಸ ಎರಡು ತಿಂಗಳಲ್ಲಿ ಮುಗಿಯಬೇಕಿತ್ತು. ಕೊಂಡಪ್ಪ ಐದು ತಿಂಗಳು ಎಳೆದ.

"ಇಷ್ಟು ನಿಧಾನ ಕೆತ್ತೋರನ್ನ ನಾನು ನೋಡೇ ಇಲ್ಲ," ಅಂದಳು ಒಂದು ದಿನ.

"ಬೇಗ ಮುಗಿದ್ರೆ ಏನು ಲಾಭ? ಜಗಲಿ ಕಾಣಲ್ಲ."

"ಜಗಲಿ ಮೇಲೆ ಏನೈತೆ?"

ಅವನು ಉಳಿ ಕೆಳಗಿಟ್ಟ. "ನೀನು ಮಾತಾಡ್ತಾ ಇರುವಾಗ ಈಗ ಪೂರ್ತಿ ಇಲ್ಲೇ ಇರ್ತೀಯ ಶ್ಯಾಮಲ. ಮೊದಲು ಹಾಗಿರ್ಲಿಲ್ಲ. ಅದನ್ನ ನೋಡೋಕೆ ಕೂತಿದ್ದೀನಿ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿದಳು.

"ಅಣ್ಣ ಒಪ್ಪಲ್ಲ ಕೊಂಡಪ್ಪ. ಊರು ಸುಡ್ತದೆ."

"ಗೊತ್ತು. ಚಿಕ್ಕಬಳ್ಳಾಪುರದ ರಿಜಿಸ್ಟರ್ ಆಫೀಸಲ್ಲಿ ರುಜು ಹಾಕಿದ್ರೂ ಮದುವೆನೇ ಅಂತೆ. ನೀನು ಯಾವಾಗ ಬಾ ಅಂತೀಯೋ ಅವತ್ತು ಬರ್ತೀನಿ. ಅವಸರ ಇಲ್ಲ."

'ಈ ಬೆಳೆ ಚೆನ್ನಾಗಿ ಬರಲಿ... ಅಣ್ಣನ ಮನಸ್ಸು ತಣ್ಣಗಿರುವಾಗ ಬಾಯಿ ಬಿಟ್ಟು ಹೇಳುತ್ತೇನೆ. ಒಪ್ಪದಿದ್ದರೆ ಹೊರಟೇಬಿಡುತ್ತೇನೆ.'

ಹಾಗೆಂದುಕೊಂಡು ಅವಳು ಊರಾಚೆಯ ಗಂಗಮ್ಮನ ಗುಡಿಗೆ ಹರಕೆ ಹೊತ್ತಳು. ಗುಡಿಯಲ್ಲಿ ಅರಿಶಿನದ ದಾರ ಕೊಟ್ಟರು. ಬೆಳೆಗೂ ಮನೆಗೂ ಗಂಟು ಬೀಳುವ ಹಾಗೆ ಕಟ್ಟಬೇಕು, ಯಾರಿಗೂ ಹೇಳಬಾರದು. ಶ್ಯಾಮಲ ಆ ದಾರವನ್ನು ನಾಲ್ಕೂ ಅಟ್ಟಣೆಗಳ ನೆತ್ತಿಗೆ ಸುತ್ತಿ, ತುದಿಯನ್ನು ಮೇಲಿನ ತೊಲೆಗೆ ಕಟ್ಟಿದಳು. ಕಟ್ಟುವಾಗ ಮನಸ್ಸಿನಲ್ಲಿ ಅವನ ಹೆಸರು ಹೇಳಿಕೊಂಡಳು.

ಅವನು ಹೇಳಿದ ಒಂದೇ ಒಂದು ನೇಮ ಅವಳಿಗೆ ಮರೆತಿರಲಿಲ್ಲ. ಗೋಡೆ ತಾಗಬಾರದು, ಕೋಲು ತಾಗಬಾರದು, ಬಟ್ಟೆ ತಾಗಬಾರದು ಎಂದು ಅವಳಿಗೆ ಗೊತ್ತಿತ್ತು. ಆದರೆ ದೇವರ ದಾರ ತಾಗುವ ವಸ್ತುಗಳ ಲೆಕ್ಕಕ್ಕೆ ಬರುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ. ನೀವಾದರೂ, ನಾನಾದರೂ ಆ ಮನೆಯಲ್ಲಿ ಹುಟ್ಟಿದ್ದರೆ ಹೊಳೆಯುತ್ತಿರಲಿಲ್ಲ.

ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು. ಇನ್ನು ಏಳು ದಿನ ಚೆನ್ನಾಗಿ ತಿಂದರೆ ಗೂಡು ಕಟ್ಟುತ್ತವೆ. ಆ ದಿನ ಬೆಳಿಗ್ಗೆ ಸೊಪ್ಪು ಹಾಕಿ, ಕೋಣೆಯ ಮೂಲೆಯಲ್ಲಿ ತಲೆಯೊರಗಿಸಿದ ಶ್ಯಾಮಲ ನಿದ್ದೆ ಹೋದಳು. ಬುದ್ಧಿ ಬಂದಾಗಿನಿಂದ ಹಗಲು ಮಲಗಿದ್ದು ಅದೇ ಮೊದಲು.

ಎಚ್ಚರವಾದಾಗ ದನ ಮನೆಗೆ ಬರುವ ಹೊತ್ತು. ಕೋಣೆ ನಿಶ್ಶಬ್ದವಾಗಿತ್ತು. ಸಾವಿರಾರು ಹುಳ ಸೊಪ್ಪು ತಿನ್ನುವಾಗ ಬರುವ ಸದ್ದು ಇರಲಿಲ್ಲ...

ಅವಳು ಎದ್ದು ತಟ್ಟೆ ಎಳೆದಳು. ಕೆಂಜಿಗ! ತಟ್ಟೆಯ ತುಂಬ ಆ ಕೆಂಪಿರುವೆ ಕವಿದಿತ್ತು. ಹುಳಗಳು ಇನ್ನೂ ಸಾಯದೆ ಹೊರಳುತ್ತಿದ್ದವು. ಎರಡನೇ ತಟ್ಟೆ, ಮೂರನೇ ತಟ್ಟೆ, ಎಲ್ಲವೂ ಹಾಗೆಯೇ.

ಅವಳ ಚೀರಾಟಕ್ಕೆ ಮೊದಲು ಓಡಿ ಬಂದವಳು ವರಲಕ್ಷ್ಮಮ್ಮ. ಒಳಗೆ ಬಂದು ಸುತ್ತಲೂ ಒಂದು ಸಲ ನೋಡಿ, ಮೇಲೊಂದು ಸಲ ನೋಡಿ, ಬಾಯಿ ಬಡಿದುಕೊಳ್ಳುತ್ತ ಹೊರಗೆ ಹೋದಳು.

ಅಂಗಳದಲ್ಲಿ ಜನ ಸೇರಿತು. ಊರಿನ ಹಿರಿಯ ನರಸಿಂಹಪ್ಪ ಬಂದು ಕಟ್ಟೆಯ ಮೇಲೆ ಕೂತ. ವೆಂಕಟರಾಮಪ್ಪ ಕೊಂಡಪ್ಪನ ಕತ್ತಿನ ಪಟ್ಟಿ ಹಿಡಿದು ಎಳೆದು ತಂದ. ಓಬಳಮ್ಮ "ಬಿಡಿ ಸ್ವಾಮಿ, ಬಿಡಿ ಸ್ವಾಮಿ" ಎನ್ನುತ್ತ ಹಿಂದೆ ಬಂದಳು.

"ಹೇಳೇ!" ಅಣ್ಣ ತಂಗಿಯ ಕಡೆ ತಿರುಗಿದ. "ಇವನ ಕಲ್ಲು ನಂಬಿ ತಾನೇ ನೀನು ಬಿದ್ಕೊಂಡಿದ್ದು? ಇಲ್ಲಾ ಬೆಳೆ ಹಾಳಾಗ್ಲಿ ಅಂತ ಬೇಕೂಂತ್ಲೇ ಮಲಗಿದ್ಯಾ?"

ಕೊಂಡಪ್ಪ ಅವಳನ್ನೇ ನೋಡಿದ. "ಶ್ಯಾಮಲಮ್ಮ, ಬಟ್ಟಲಲ್ಲಿ ನೀರಿತ್ತಾ?"

ಅವಳು ಅಣ್ಣನ ಕಡೆ ನೋಡಿದಳು.

"ಅಟ್ಟಣೆ ಏನಕ್ಕಾದ್ರೂ ತಾಗಿತ್ತಾ? ನೆನಪು ಮಾಡ್ಕೊ."

"ಇಲ್ಲ."

"ಯಜಮಾನ್ರೇ, ಒಂದೇ ಒಂದು ಸಾರಿ. ಹೊಸಲ ಹತ್ರ ನಿಂತು ನೋಡ್ತೀನಿ. ಎಲ್ಲಿಂದ ಹತ್ತಿದ್ವು ಅಂತ ಗೊತ್ತಾಗ್ಬೇಕು ನಂಗೆ."

"ನೀನು ನಮ್ಮ ಹುಳದ ಮನೆ ನೋಡೋನು?" ವೆಂಕಟರಾಮಪ್ಪ ಕಾಲಿನ ಮೆಟ್ಟು ತೆಗೆದು ಅವನ ಮುಖಕ್ಕೆ ಹೊಡೆದ. "ಹೇಳೇ ಶ್ಯಾಮಲ, ಯಾರ ತಪ್ಪು?"

ಎಲ್ಲರ ಕಣ್ಣೂ ಅವಳ ಮೇಲೆ. ಅಣ್ಣನ ಕೈಯಲ್ಲಿ ಮೆಟ್ಟು ಇನ್ನೂ ಎತ್ತಿಯೇ ಇತ್ತು. ಮುಂದಿನ ಏಟು ತನಗೆ ಎಂದು ಅವಳಿಗೆ ಗೊತ್ತಾಯಿತು.

"ಕಲ್ಲಿನದು," ಅಂದಳು. "ಅವನು ಮರೆತುಬಿಡು ಅಂದ. ನಂಬಿದೆ. ಅವನ ಕಲ್ಲೇ ಮೋಸ ಮಾಡ್ತು."

ಕೊಂಡಪ್ಪನ ಮುಖದಲ್ಲಿ ರಕ್ತ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವುದನ್ನೂ ಅವನು ಮರೆತ.

ನರಸಿಂಹಪ್ಪ ತೀರ್ಪು ಹೇಳಿದ. ಹದಿನಾರು ಬಟ್ಟಲನ್ನೂ ಹೊರಗೆ ತಂದು ಸಾಲಾಗಿ ಇಟ್ಟರು. ಅವನ ಸುತ್ತಿಗೆಯನ್ನೇ ಅವನ ಕೈಗೆ ಕೊಟ್ಟರು. ಒಂದೊಂದನ್ನೂ ಅವನೇ ಒಡೆಯಬೇಕು. ಗಟ್ಟಿ ಕಲ್ಲು, ಒಂದೇಟಿಗೆ ಒಡೆಯುವಂಥದ್ದಲ್ಲ. ಕತ್ತಲಾದ ಮೇಲೂ ಒಡೆದ. ಶ್ಯಾಮಲ ಬಾಗಿಲಿಗೆ ಆತು ನಿಂತು ಹದಿನಾರನ್ನೂ ನೋಡಿದಳು.

ಆ ವಾರವೇ ತಾಯಿ ಮಗ ಊರು ಬಿಟ್ಟರು.

ಬೆಳೆ ಹಾಳಾದ ಮೂರನೇ ದಿನ ಕೋಣೆ ತೊಳೆಯಲು ಏಣಿ ಹತ್ತಿದಾಗ ಅವಳ ಕೈಗೆ ದಾರ ಸಿಕ್ಕಿತು. ಹಳದಿ ದಾರದ ಉದ್ದಕ್ಕೂ ಕೆಂಜಿಗ ಇನ್ನೂ ಓಡಾಡುತ್ತಿದ್ದವು. ಸೂರಿನ ಮೇಲೆ ಬಾಗಿದ ಹೊಂಗೆ ಕೊಂಬೆಯಿಂದ ತೊಲೆಗೆ, ತೊಲೆಯಿಂದ ದಾರಕ್ಕೆ, ದಾರದಿಂದ ಅಟ್ಟಣೆಯ ನೆತ್ತಿಗೆ.

ಅವಳು ಏಣಿಯ ಮೇಲೆಯೇ ಕೂತುಬಿಟ್ಟಳು. ಆ ದಿನ ಮೇಲಿನ ತಟ್ಟೆಗಳೇ ಮೊದಲು ಹಾಳಾಗಿದ್ದವು. ಕೆಳಗಿನವುಗಳಲ್ಲಿ ಅಷ್ಟಿಷ್ಟು ಜೀವವಿತ್ತು. ಬಟ್ಟಲು ದಾಟಿ ಬಂದಿದ್ದರೆ ಕೆಳಗಿನ ತಟ್ಟೆ ಮೊದಲು ಹೋಗಬೇಕಿತ್ತು!

'ನಾನೇ... ಅವನ ಹೆಸರು ಹೇಳಿ ಕಟ್ಟಿದ ದಾರ...'

ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ದಾರ ಬಿಚ್ಚಿ ಒಲೆಗೆ ಹಾಕಿದಳು. ಅವಳ ಪರವಾಗಿ ಮಾತಾಡಲು ನನಗೂ ಮನಸ್ಸಾಗುವುದಿಲ್ಲ. ಮೊದಲ ಮಾತು ಭಯಕ್ಕೆ ಆಡಿದಳು, ಸರಿ. ಆಮೇಲಿನ ಎರಡು ವರ್ಷ ಒಂದೊಂದು ದಿನವೂ ಗೊತ್ತಿದ್ದೂ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು.

ಮಣ್ಣಿನ ಬಟ್ಟಲು ಮತ್ತೆ ಬಂದವು. ಅವಳು ಮತ್ತೆ ಓಡಾಡತೊಡಗಿದಳು. ಶಿಕ್ಷೆ ಇರಲಿ ಎಂದು ಒಳಗೊಳಗೇ ಅಂದುಕೊಂಡಳು. ಆದರೆ ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆಯಿಂದ ಕೊಂಡಪ್ಪನಿಗೆ ಕವಡೆಯಷ್ಟೂ ಉಪಯೋಗವಿರಲಿಲ್ಲ.

ಐವತ್ತೆಂಟರ ಬೇಸಿಗೆಯಲ್ಲಿ ಓಬಳಮ್ಮ ಸಾದಲಿಗೆ ಬಂದಳು. ಯಾರದೋ ಸಾವಿಗೆ ಬಂದವಳು ಬಾವಿ ಹತ್ತಿರ ಶ್ಯಾಮಲಳಿಗೆ ಸಿಕ್ಕಳು. ಮುಖ ತಿರುಗಿಸಿ ಹೋಗುತ್ತಾಳೆ ಅಂದುಕೊಂಡರೆ ನಿಂತಳು.

"ಚೆನ್ನಾಗಿದ್ದೀಯಾ ತಲ್ಲೀ?"

ಮಗಳನ್ನು ಕರೆಯುವ ಹಾಗೆ ಅಂದ ಆ 'ತಲ್ಲೀ' ಎಂಬ ಒಂದು ಮಾತು ಶ್ಯಾಮಲಳನ್ನು ಕೊಂದಿತು. "ಅವರು... ಹೇಗಿದ್ದಾರೆ?"

"ಗೌರಿಬಿದನೂರಲ್ಲಿ ಅವ್ನೆ. ಇದ್ದೂ ಇಲ್ಲ. ಆ ಬಟ್ಟಲನ್ನೇ ಕೆತ್ತೋದು, ನಡುವೆ ಬೆಲ್ಲ ಇಡೋದು, ಇರುವೆ ಎಲ್ಲಿ ದಾಟ್ತದೆ ಅಂತ ನೋಡ್ತಾ ಕೂರೋದು. ಬೆಳಗಿಂದ ಸಂಜೆಗಂಟ ನೋಡ್ತಾನೆ. ಒಂದೂ ದಾಟಲ್ಲ. 'ಅಲ್ಲಿ ದಾಟಿದ್ದು ಹೆಂಗಮ್ಮ?' ಅಂತ ನನ್ನ ಕೇಳ್ತಾನೆ. ನಂಗೇನು ಗೊತ್ತು ತಲ್ಲೀ? ಊಟ ಮುಂದೆ ಇಟ್ರೆ ಅದೂ ಆರಿ ಹೋಗ್ತದೆ. ನೀನು ಒಳಗಿದ್ದೋಳು, ನಿಂಗೇನಾದ್ರೂ ಗೊತ್ತಾ?"

ಶ್ಯಾಮಲಳ ಕೈಯಿಂದ ಕೊಡ ಜಾರಿತು.

ಮಾರನೇ ಬೆಳಿಗ್ಗೆ ಅಣ್ಣ ಶಿಡ್ಲಘಟ್ಟಕ್ಕೆ ಗೂಡು ಮಾರಲು ಹೋದ. ಹೊಸ ಮೊಟ್ಟೆ ಇನ್ನೂ ಒಡೆದಿರಲಿಲ್ಲ. ಅವಳು ಬಸ್ಸು ಹತ್ತಿದಳು. ಚಿಕ್ಕಬಳ್ಳಾಪುರದಲ್ಲಿ ಇಳಿದು, ಕೇಳಿ ಕೇಳಿ ಇನ್ನೊಂದು ಬಸ್ಸು ಹಿಡಿದು, ಮಧ್ಯಾಹ್ನಕ್ಕೆ ಗೌರಿಬಿದನೂರು ತಲುಪಿದಳು. ರೈಲ್ವೆ ಸ್ಟೇಷನ್ನಿನ ಹಿಂದೆ ಕಲ್ಲಿನ ಸದ್ದು ಕೇಳುವ ಕಡೆ ನಡೆದಳು.

ಸದ್ದು ಮಾಡುತ್ತಿದ್ದವರು ಬೇರೆಯವರು. ಕೊಂಡಪ್ಪ ಒಂದು ಚಪ್ಪರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಸುತ್ತಲೂ ಕಲ್ಲಿನ ಬಟ್ಟಲುಗಳು. ಮೂವತ್ತಾದರೂ ಇದ್ದವು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು.

"ಅಲ್ಲೇ ನಿಲ್ಲಿ, ನೆರಳು ಬಿದ್ರೆ ಸಾಲು ಚದುರ್ತದೆ," ಅಂದ ತಲೆ ಎತ್ತದೆ.

ಯಾರೂ ನೋಡಬೇಕಾಗದ ವಸ್ತು ಮಾಡಬೇಕೆಂದು ಹೊರಟವನು ಎರಡು ವರ್ಷದಿಂದ ಇರುವೆ ನೋಡುತ್ತ ಕೂತಿದ್ದ.

"ಕೊಂಡಪ್ಪ..."

ಅವನು ತಲೆ ಎತ್ತಿದ.

ಅವಳು ನಿಂತಲ್ಲೇ ಹೇಳಿದಳು. ಹರಕೆ, ದಾರ, ತೊಲೆ, ಹೊಂಗೆ ಕೊಂಬೆ. ಮೂರನೇ ದಿನವೇ ಗೊತ್ತಾದದ್ದು, ಒಲೆಗೆ ಹಾಕಿದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಅವನು ಮುಂದಿದ್ದ ಬಟ್ಟಲಿನ ನಡುವಿಂದ ಬೆಲ್ಲದ ಚೂರು ತೆಗೆದು ಎಸೆದ. ಆಮೇಲೆ ನಕ್ಕ. ಆ ನಗು ಕೇಳಿ ಅವಳಿಗೆ ಹೆದರಿಕೆಯಾಯಿತು.

"ಮೂರನೇ ದಿನ," ಅಂದ. "ಮೂರನೇ ದಿನ ನಾವಿನ್ನೂ ಊರಲ್ಲೇ ಇದ್ವಿ ಶ್ಯಾಮಲ. ಗಂಟು ಮೂಟೆ ಕಟ್ತಾ ಇದ್ವಿ."

"ಗೊತ್ತು."

"ಮೆಟ್ಟಲ್ಲಿ ಹೊಡೆಸಿದ್ದು ಹೋಗ್ಲಿ. ನನ್ನ ಕೈಲೇ ಒಡೆಸಿದ್ದೂ ಹೋಗ್ಲಿ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ದಂಗೆ ಮಾಡಿದ್ಯಲ್ಲ! ಹೋದ ವರ್ಷ ಒಂದು ಬಾವಿಗೆ ಮೆಟ್ಟಿಲು ಕಟ್ಟೋಕೆ ಕರೆದ್ರು. ಹೋಗ್ಲಿಲ್ಲ. ಯಾರಾದ್ರೂ ನಂಬಿ ಕಾಲಿಟ್ಟು ಬಿದ್ರೆ? ಅಂಗೇ ಒಂದೊಂದು ಕೆಲಸನೂ ಬಿಟ್ಟೆ. ನಿಂಗೆ ಒಂದು ಮಾತು ಬಾಯಿಗೆ ಬರ್ಲಿಲ್ವಾ?"

"ಹೆದರಿಕೆ ಆಯ್ತು."

"ನಂಗೂ ಆಗಿತ್ತು."

ಅವಳು ಅಳುತ್ತ ಅವನ ಕಾಲ ಹತ್ತಿರ ಕೂರಲು ಹೋದಳು. ಅವನು ಕಾಲು ಹಿಂದೆಗೆದುಕೊಂಡ.

"ಬೇಡ. ಅತ್ತು ನಿನ್ನ ಮನಸ್ಸು ಹಗುರ ಮಾಡ್ಕೊಂಡು ಹೋಗ್ಬೇಡ. ಎಲ್ಲಿ ಹೇಳಿದ್ಯೋ ಅಲ್ಲೇ ಹೋಗಿ ಹೇಳು. ಅದೇ ಅಂಗಳದಲ್ಲಿ, ಅದೇ ಜನದ ಮುಂದೆ. ಆಮೇಲೂ ಬದುಕಿದ್ರೆ ನೋಡಣ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಅವನು ನಿಲ್ಲು ಅನ್ನಲಿಲ್ಲ.

ಬಸ್ಸಿನಲ್ಲಿ ಇಡೀ ದಾರಿ ಅವಳು ಲೆಕ್ಕ ಹಾಕಿದ್ದು ಒಂದನ್ನೇ. ಹೇಳಿದರೆ ಮನೆ ಹೋಗುತ್ತದೆ, ಊರು ಹೋಗುತ್ತದೆ, ಅವನು ಸಿಗುವ ಭರವಸೆಯೂ ಇಲ್ಲ. ಹೇಳದಿದ್ದರೆ ಎಲ್ಲ ಇರುತ್ತದೆ, ಅವಳೊಬ್ಬಳನ್ನು ಬಿಟ್ಟು. ಊರು ತಲುಪಿದ ಮೇಲೆ ಎಲ್ಲಿಗೆ ಹೋಗಿದ್ದೆ ಎಂದು ಅಣ್ಣ ಕೇಳಿದ್ದಕ್ಕೆ ನಾಳಿದ್ದು ಹೇಳುತ್ತೇನೆ ಅಂದಳು. ಎರಡು ಏಟು ಬಿದ್ದವು. ಬಾಯಿ ಬಿಡಲಿಲ್ಲ.

ಮಾರನೇ ದಿನ ಮೊಟ್ಟೆ ಒಡೆದವು. ಅದರ ಮಾರನೇ ಬೆಳಿಗ್ಗೆ ನರಸಿಂಹಪ್ಪನ ಮನೆಗೆ ತಾನೇ ಹೋಗಿ ಕರೆದಳು. ಅಕ್ಕಪಕ್ಕದವರನ್ನೂ ಕರೆದಳು. ಅಂಗಳದಲ್ಲಿ ನಿಂತು ಪೂರ್ತಿ ಹೇಳಿದಳು.

"ಕೊಂಡಪ್ಪನ ಕಲ್ಲು ಮೋಸ ಮಾಡ್ಲಿಲ್ಲ. ಮೋಸ ಮಾಡಿದ್ದು ನಾನು. ಅವತ್ತು ಸುಳ್ಳು ಹೇಳಿದ್ದೂ ನಾನು."

ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡಿದ್ದಳು. ನರಸಿಂಹಪ್ಪ ಆಕಳಿಸಿದ.

"ಇದಕ್ಕಾ ಬೆಳಿಗ್ಗೆ ಬೆಳಿಗ್ಗೆ ಕರೆಸಿದ್ದು? ಹಳೇ ಕಥೆ ಬಿಡಮ್ಮ. ಹೊಲಕ್ಕೆ ಹೋಗೋ ಹೊತ್ತು," ಅಂತ ಟವಲು ಕೊಡವಿ ಎದ್ದ. ಮಿಕ್ಕವರೂ ಎದ್ದರು. ಒಬ್ಬ ಮನುಷ್ಯನ ಎರಡು ವರ್ಷ ಅವರಿಗೆ ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ವಿಷಯವೂ ಆಗಿರಲಿಲ್ಲ.

ಅಂಗಳ ಖಾಲಿಯಾಯಿತು. ವರಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಲೇ ಹೇಳಿದಳು.

"ದಾರದ ವಿಷಯ ನಂಗೆ ಅವತ್ತೇ ಗೊತ್ತಿತ್ತು ಬಿಡೇ. ಒಳಗೆ ಬಂದ ತಕ್ಷಣ ಮೇಲೆ ನೋಡಿದ್ದೆ."

ಶ್ಯಾಮಲ ತಿರುಗಿದಳು. "ಗೊತ್ತಿತ್ತಾ? ಅವನು ಒಡೀತಾ ಇರುವಾಗಲೂ?"

"ಹೂಂ."

"ಅಣ್ಣಾ, ನಿನಗೆ?"

ವೆಂಕಟರಾಮಪ್ಪ ಬೀಡಿ ಹಚ್ಚಿದ. "ಅವತ್ತು ರಾತ್ರಿ ಹೇಳಿದ್ಲು."

"ಮತ್ತೆ ಯಾಕೆ..."

"ಆ ಕಲ್ಲು ಬಂದ ಮೇಲೆ ನೀನು ಕಾಲ ಮೇಲೆ ಕಾಲು ಹಾಕ್ಕೊಂಡು ಜಗಲಿ ಮೇಲೆ ಕೂರ್ತಿದ್ದೆ," ಅಂದಳು ಅತ್ತಿಗೆ. "ಪುರುಸೊತ್ತು ಸಿಕ್ಕಿದ್ರೆ ಹೆಣ್ಣು ಯೋಚನೆ ಮಾಡ್ತಾಳೆ. ನೀನು ಮದುವೆ ಅಂತ ಹೋದ್ರೆ ಸೊಪ್ಪು ಹೆಚ್ಚೋರು ಯಾರು, ನಾನಾ?"

ಎರಡು ವರ್ಷ ಅವಳು ಮುಚ್ಚಿಟ್ಟ ಗುಟ್ಟನ್ನು ಈ ಮನೆ ತಣ್ಣಗೆ ಬಚ್ಚಿಟ್ಟುಕೊಂಡು ಅವಳಿಂದ ಎಂಟು ಹತ್ತು ಬೆಳೆ ತೆಗೆದಿತ್ತು. ಸಿಟ್ಟು ಬರುತ್ತದೆ ಅಂದುಕೊಂಡಳು. ಬರಲಿಲ್ಲ. ಒಳಗೆ ಹೋಗಿ, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹೊಸ ಹುಳಕ್ಕೆ ಹಾಕಿದಳು. ಅವು ಏನು ತಪ್ಪು ಮಾಡಿದ್ದವು? ಕೈ ತೊಳೆದು, ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಗೆ ಬಂದಳು.

"ಎಲ್ಲಿಗೆ?" ಅಣ್ಣ ಎದ್ದ. "ಆ ಕಲ್ಲು ಒಡೆಯೋನ ಹತ್ರಕ್ಕಾ? ಹೋದ್ರೆ ಇವತ್ತಿಂದ ನೀನು ನಮ್ಮ ಪಾಲಿಗೆ ಸತ್ತೆ."

"ಅವನು ಕರ್ಕೊಳ್ತಾನೋ ಇಲ್ವೋ ಗೊತ್ತಿಲ್ಲ. ಆದ್ರೂ ಹೋಗ್ತೀನಿ."

"ಮೊಟ್ಟೆ ಒಡೆದು ಎರಡು ದಿನ ಆಗಿಲ್ಲ," ಅತ್ತಿಗೆ ಮೊರ ಕೆಳಗಿಟ್ಟಳು. ಅವಳ ದನಿಯಲ್ಲಿ ಮೊದಲ ಸಲ ಗಾಬರಿ ಇತ್ತು. "ಹೋಗೋದಾದ್ರೆ ಈ ಬೆಳೆ ಮುಗಿಸಿಯಾದ್ರೂ ಹೋಗೇ!"

ಶ್ಯಾಮಲ ತಿರುಗಿ ನೋಡಲಿಲ್ಲ.

ಅಂಗಳದ ಗೋಡೆಯ ಆಚೆ, ರಸ್ತೆಯ ಪಕ್ಕದಲ್ಲಿ ಕೊಂಡಪ್ಪ ನಿಂತಿದ್ದ. ಗಡ್ಡ ತೆಗೆಸಿದ್ದ. ಅವಳು ಅವನನ್ನು ನೋಡಿ ನಿಂತಳು. ಇಬ್ಬರೂ ಹೆದ್ದಾರಿಯ ಬಸ್ಸು ಸಿಗುವ ಪೆರೇಸಂದ್ರದ ಕಡೆ ನಡೆಯತೊಡಗಿದರು. ನಡುವೆ ನಾಲ್ಕು ಮಾರು ದೂರವಿತ್ತು.

"ಯಾವಾಗ ಬಂದೆ?" ತುಂಬ ದೂರ ಹೋದ ಮೇಲೆ ಕೇಳಿದಳು.

"ನಿನ್ನೆಯಿಂದ ಊರಲ್ಲೇ ಇದ್ದೆ. ನೀನು ಹೇಳ್ತೀಯ ಅಂತ ನಂಬಿಕೆ ಇರ್ಲಿಲ್ಲ. ನೋಡೋಕೆ ಬಂದೆ."

"ಎಲ್ಲಾ ಕೇಳಿಸ್ತಾ?"

"ಕೇಳಿಸ್ತು. ನಿಮ್ಮತ್ತಿಗೆದೂ."

ಹೆದ್ದಾರಿ ಕಾಣಿಸಿತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವಳು ಮರದ ಬುಡದಲ್ಲಿ ಗಂಟು ಇಟ್ಟು ಕೂತಳು. ಅವನು ಅಂಗಡಿಯಿಂದ ಒಂದು ಲೋಟ ಟೀ ತಂದು ಅವಳ ಮುಂದೆ ಹಿಡಿದ. ಅವಳು ಹಿಡಿದುಕೊಂಡ ಮೇಲೂ ಅವನು ಲೋಟ ಬಿಡಲಿಲ್ಲ. ಇಬ್ಬರ ಬೆರಳೂ ಅದರ ಸುತ್ತ ಇದ್ದವು.

"ಕೊಂಡಪ್ಪ, ನನ್ನ ಕ್ಷಮಿಸಿದ್ಯಾ?"

"ಇಲ್ಲ."

ಅವಳ ಕಣ್ಣು ತುಂಬಿತು. "ಮತ್ತೆ ಯಾಕೆ ಕರ್ಕೊಂಡು ಹೋಗ್ತಾ ಇದೀಯ?"

"ಕ್ಷಮಿಸೋಕೆ ತುಂಬ ದಿನ ಬೇಕಾಗ್ತದೆ ಶ್ಯಾಮಲ. ಅಲ್ಲೀವರೆಗೂ ನೀನು ನನ್ನ ಹತ್ರ ಇರ್ಬೇಕಲ್ಲ."

"ತುಂಬ ದಿನ ಅಂದ್ರೆ?"

"ಗೊತ್ತಿಲ್ಲ," ಅಂದ ಅವನು, ಲೋಟದ ಸಮೇತ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ. "ಬೇಗ ಮುಗಿಯೋದು ಬೇಡ."